ಅವರವರ ಅಂಗುಳ

ಕನ್ನಡದಲ್ಲಿ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕನ್ನಡವನ್ನೇ ಕಲಿಸಿ ಹೊಟ್ಟೆ ಹೊರೆಯುತ್ತಿರುವವನ ಮನೆಯಲ್ಲಿ ರಕಾರಕ್ಕೆ ಬರಗಾಲ ಬಂದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಂದಿತು, ಬಂದದ್ದು ಮಗಳ ಬಾಯಿಗೆ. ಆರು ವರ್ಷ ತುಂಬಿದ ಮೇಲೂ ಅವಳಿಗೆ ರಾಮ ಲಾಮನಾಗಿಯೇ ಉಳಿದ. ರವೆ ಉಂಡೆ ಲವೆ ಉಂಡೆಯಾಗಿಯೇ ಉಳಿಯಿತು. ಇಷ್ಟೇ ಆಗಿದ್ದರೆ ಮುದ್ದು ಮಾತೆಂದು ನಕ್ಕು ಸುಮ್ಮನಿರಬಹುದಿತ್ತು. ಆದರೆ ಅವಳು ಹುಟ್ಟಿದಾಗ ಎರಡೂ ಕಡೆಯ ಹಿರಿಯರು ಸೂಚಿಸಿದ ಹೆಸರುಗಳನ್ನೆಲ್ಲ ಬದಿಗೊತ್ತಿ, ಹಟ ಹಿಡಿದು ಗೌರಿ ಎಂದು ಹೆಸರಿಟ್ಟವನು ನಾನೇ. ಯಾರಾದರೂ ಹೆಸರು ಕೇಳಿದರೆ ಅವಳು 'ಗೌಲಿ' ಎನ್ನುತ್ತಿದ್ದಳು. ಶಾಲೆಯ ಮಕ್ಕಳಿಗೆ ಲಕಾರದಿಂದ ಳಕಾರಕ್ಕೆ ಹಾರಲು ಎಷ್ಟು ಹೊತ್ತು ಬೇಕು? ಗೌಲಿ ಗೌಳಿಯಾಯಿತು, ಗೌಳಿ ಎಂದರೆ ಹಲ್ಲಿಯಷ್ಟೆ, ಒಂದು ವಾರ ಕಳೆಯುವುದರೊಳಗೆ ನನ್ನ ಮಗಳು ಒಂದನೆಯ ತರಗತಿಯ ಹಲ್ಲಿಯಾದಳು. ಅವಳು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನ ಪೋರರು ಲೊಚಗುಟ್ಟುತ್ತಿದ್ದರಂತೆ.

ನಾನು ಕೈ ಕಟ್ಟಿ ಕೂರುವ ಪೈಕಿಯಲ್ಲ. ವರ್ಣಗಳ ಸ್ಥಾನವೇನು, ಕರಣವೇನು, ಪ್ರಯತ್ನವೇನು ಎಂಬುದನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ವಿಸ್ತಾರವಾಗಿ ವ್ಯಾಖ್ಯಾನಿಸುವವನು. ಎದೆ, ಕಂಠ, ಶಿರಸ್ಸು, ಜಿಹ್ವಾಮೂಲ, ಹಲ್ಲು, ಮೂಗು, ತುಟಿ, ತಾಲು ಎಂದು ಎಂಟು ಸ್ಥಾನಗಳನ್ನು ಪಾಣಿನೀಯ ಶಿಕ್ಷೆಯ ಪ್ರಕಾರ ಬೆರಳು ಮಡಚಿ ಎಣಿಸಿ ತೋರಿಸುವವನು. ಇಂಥವನ ಮಗಳಿಗೆ ಒಂದು ರಕಾರ ಬಾರದೆ? ರಾತ್ರಿ ಊಟವಾದ ಮೇಲೆ, ಬಚ್ಚಲುಮನೆಯ ಗೋಡೆಯಲ್ಲಿ ತೂಗುತ್ತಿದ್ದ ನನ್ನ ಕ್ಷೌರದ ಕನ್ನಡಿಯನ್ನು ತಂದು ಮೇಜಿನ ಮೇಲೆ ನಿಲ್ಲಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಯನ್ನು ಅಗಲವಾಗಿ ತೆರೆದು ಪಾಠ ಪ್ರಾರಂಭಿಸಿದೆ. "ನೋಡು, ಅಪ್ಪನ ನಾಲಗೆ ಎಲ್ಲಿದೆ? ಇಲ್ಲಿ, ಹಲ್ಲಿನ ಹಿಂದೆ, ವಸಡಿನ ಉಬ್ಬಿನ ಹತ್ತಿರ. ನಿನ್ನದನ್ನೂ ಅಲ್ಲೇ ಇಡು. ಇಟ್ಟೆಯಾ? ಈಗ ಅನ್ನು." ಅವಳು ಇಟ್ಟಳು, ಅಂದಳು, ಲಕಾರವೇ ಬಂತು. "ಅಲ್ಲಲ್ಲ, ಇನ್ನೊಂದು ಸಲ." ಇನ್ನೊಂದು ಸಲ. ಇಪ್ಪತ್ತು ಸಲ. ನನ್ನ ಧ್ವನಿ ಏರಿದಂತೆಲ್ಲ ಅವಳ ಧ್ವನಿ ಇಳಿಯಿತು. ಮೂರು ವಾರ ಈ ಪಾಠ ತಪ್ಪದೆ ನಡೆಯಿತು.

ಫಲ ಕಂಡಿತೆಂದೇ ನಾನು ಭಾವಿಸಿದೆ. ಮಗಳ ಬಾಯಿಂದ ಲಾಮ, ಲವೆ, ಲಂಗೋಲಿ ಕೇಳಿಬರುವುದು ದಿನೇ ದಿನೇ ಕಡಿಮೆಯಾಯಿತು. ಒಂದು ಸಂಜೆ ಈ ವಿಷಯವನ್ನು ಸ್ವಲ್ಪ ಬಿಗುಮಾನದಿಂದಲೇ ಮಡದಿಯ ಮುಂದೆ ಪ್ರಸ್ತಾಪಿಸಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ, "ರೀ, ಅವಳು ನಾಲ್ಕು ದಿನದಿಂದ ನೀರು ಅಂತಲೇ ಕೇಳಿಲ್ಲ, ಗಮನಿಸಿದ್ದೀರಾ? 'ಕುಡಿಯೋಕೆ ಕೊಡು' ಅಂತಾಳೆ. ರವೀನ 'ಆ ಹುಡುಗ' ಅಂತಾಳೆ. ಸಾರು ಬೇಕಾದ್ರೆ ಬೆರಳು ತೋರಿಸ್ತಾಳೆ. ನಿಮ್ಮ ಹತ್ರ ಅಂತೂ ಮಾತೇ ಆಡ್ತಿಲ್ಲ" ಎಂದಳು.

ನಾನು ನಾಲಗೆಗೆ ರಕಾರವನ್ನು ಕಲಿಸಲಿಲ್ಲ; ರಕಾರವಿರುವ ಮಾತುಗಳಿಂದ ಮಗುವನ್ನು ಓಡಿಸಿದ್ದೆ. ಆರು ವರ್ಷದ ಹುಡುಗಿ ಆ ಒಂದಕ್ಷರವನ್ನು ತಪ್ಪಿಸಿ ಮಾತು ಕಟ್ಟುವಷ್ಟು ಜಾಣೆಯಾಗಿದ್ದಳೆಂಬುದನ್ನು ಮೆಚ್ಚಿಕೊಳ್ಳಬೇಕೋ, ಅಳಬೇಕೋ ತಿಳಿಯದೆ ಕುಳಿತೆ. ಕನ್ನಡಿಯ ಪಾಠವನ್ನು ಮಾತ್ರ ನಿಲ್ಲಿಸಲಿಲ್ಲ. ದಾರಿ ತಪ್ಪಿದೆನೆಂದು ಗೊತ್ತಾದ ಮೇಲೂ ಬೇರೆ ದಾರಿ ಕಾಣದಿದ್ದರೆ ಮನುಷ್ಯ ಅದೇ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಾಕುತ್ತಾನೆ.

ಈ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಪಿ.ಯು.ಸಿ.ಯಲ್ಲಿ ನನ್ನ ಕೈಕೆಳಗೆ ಕನ್ನಡ ಓದಿ, ಆಮೇಲೆ ವಾಕ್ ಶ್ರವಣ ವಿಜ್ಞಾನದ ಕಡೆಗೆ ಹೋದವಳು. ಈಗ ಸಂಶೋಧನೆ ಮಾಡುತ್ತಿದ್ದಾಳೆ. "ಸರ್, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ನಾಲಗೆ ಎರಡು ಗಂಟೆ ಹೊತ್ತು ಬೇಕು" ಎಂದಳು. ತರಗತಿಯಲ್ಲಿ ಎರಡು ಗಂಟೆಯಲ್ಲ, ನಾಲ್ಕು ಗಂಟೆ ಬೇಕಾದರೂ ಅದನ್ನು ಕೊಡಬಲ್ಲೆ ಎಂಬುದು ಅವಳಿಗೆ ಅನುಭವದಿಂದ ಗೊತ್ತಿದ್ದ ಸಂಗತಿ. ಒಪ್ಪಿಕೊಂಡೆ. ನಮ್ಮಂಥವರು ಮಾತಾಡುವಾಗ ನಾಲಗೆ ಬಾಯೊಳಗೆ ಹೇಗೆ ಹೇಗೆ ಚಲಿಸುತ್ತದೆಂಬುದನ್ನು ಅಳೆಯುವುದು ಅವಳ ಕೆಲಸ.

ಈ ಕುತೂಹಲ ಹೊಸದಲ್ಲ. ೧೮೭೦ರ ದಶಕದ ಆರಂಭದಲ್ಲಿಯೇ ಇಂಗ್ಲೆಂಡಿನ ಓಕ್ಲಿ ಕೋಲ್ಸ್ ಎಂಬ ದಂತವೈದ್ಯ ತನ್ನ ಅಂಗುಳಕ್ಕೆ ಗೋಂದು ಮತ್ತು ಹಿಟ್ಟಿನ ಲೇಪ ಬಳಿದುಕೊಂಡು, ಒಂದೊಂದೇ ಅಕ್ಷರವನ್ನು ಉಚ್ಚರಿಸಿ, ನಾಲಗೆ ಎಲ್ಲಿ ತಾಗಿ ಲೇಪ ಅಳಿಸಿತೆಂಬುದನ್ನು ನೋಡಿಕೊಂಡ. ನೂರು ವರ್ಷಗಳ ಮೇಲೆ ಪೀಟರ್ ಲ್ಯಾಡಿಫೋಗೆಡ್ ಎಂಬ ಧ್ವನಿವಿಜ್ಞಾನಿ ಆಲಿವ್ ಎಣ್ಣೆಯಲ್ಲಿ ಇದ್ದಿಲ ಪುಡಿಯನ್ನು ಕಲಸಿಕೊಂಡು ಇದೇ ಉಪಾಯದಿಂದ ದೇಶದೇಶದ ನಾಲಗೆಗಳ ಗುರುತು ಹಿಡಿಯುತ್ತಿದ್ದರು. ೧೯೬೪ರಲ್ಲಿ ತೆರೆಗೆ ಬಂದ 'ಮೈ ಫೇರ್ ಲೇಡಿ' ಚಿತ್ರದಲ್ಲಿ ಪ್ರೊಫೆಸರ್ ಹಿಗಿನ್ಸ್ ಎಂಬಾತ ಹೂ ಮಾರುವ ಹುಡುಗಿಯ ಬಾಯಿಗೆ ಗೋಲಿ ತುಂಬಿ ಉಚ್ಚಾರ ತಿದ್ದುವುದನ್ನು ನೋಡಿ ಅನೇಕರು ನಕ್ಕಿದ್ದಾರೆ. ಆ ಚಿತ್ರಕ್ಕೆ ಧ್ವನಿವಿಜ್ಞಾನದ ಸಲಹೆ ಕೊಟ್ಟವರೂ ಇದೇ ಲ್ಯಾಡಿಫೋಗೆಡ್. ನಾನೂ ನಕ್ಕವರಲ್ಲಿ ಒಬ್ಬ. ನನ್ನ ಮೇಜಿನ ಮೇಲಿನ ಕನ್ನಡಿ ಆಗ ನೆನಪಿಗೆ ಬರುವ ಸಂಭವವಿರಲಿಲ್ಲ.

ಲೇಪದಿಂದ ನಾಲಗೆ ತಾಗಿದ ಸ್ಥಳ ತಿಳಿಯುತ್ತದೆ, ಚಲನೆ ತಿಳಿಯದು. ಎಕ್ಸ್‌ರೇ ಚಲನಚಿತ್ರಗಳಿಂದ ಚಲನೆಯೂ ತಿಳಿಯಿತು. ಆದರೆ ವಿಕಿರಣದ ಭಯ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ನಾಲಗೆಗೆ ಸಣ್ಣ ಸಣ್ಣ ಚಿನ್ನದ ಗುಂಡುಗಳನ್ನು ಅಂಟಿಸಿ, ಕೂದಲೆಳೆಯಂಥ ಎಕ್ಸ್‌ರೇ ಕಿರಣದಿಂದ ಅವುಗಳನ್ನು ಹಿಂಬಾಲಿಸುವ ಯಂತ್ರವಿತ್ತು. ಅದರಿಂದ ೫೭ ಮಂದಿಯ ಮಾತಿನ ಸಂಗ್ರಹವೊಂದು ೧೯೯೪ರಲ್ಲಿ ಹೊರಬಂತು. ಈಗ ಚಿನ್ನವೂ ಬೇಡ, ಕಿರಣವೂ ಬೇಡ. ಗದ್ದದ ಕೆಳಗೆ ಉಪಕರಣವನ್ನು ಒತ್ತಿ ಹಿಡಿದು, ಬಸಿರಿಯರ ಹೊಟ್ಟೆಯನ್ನು ನೋಡುವಂತೆ ಅಲ್ಟ್ರಾಸೌಂಡಿನಿಂದ ನೋಡುವುದುಂಟು. ನನ್ನ ಪಾಲಿಗೆ ಬಂದದ್ದು ಇನ್ನೊಂದು ಬಗೆ, ಕಾಂತಕ್ಷೇತ್ರದ್ದು.

ಹೋದ ಶನಿವಾರ ಅಂಗಡಿಯ ಹುಡುಗನ ಮುಂದೆ ಕುಳಿತ ಗಡಿಯಾರದಂತೆ ನಾನು ಅವಳ ಪ್ರಯೋಗಶಾಲೆಯಲ್ಲಿ ಕುಳಿತಿದ್ದೆ. ಕೈಗಡಿಯಾರ, ಲೋಹದ ಚೌಕಟ್ಟಿನ ಕನ್ನಡಕ, ಜೇಬಿನ ಚಿಲ್ಲರೆ ಎಲ್ಲವನ್ನೂ ತೆಗೆದಿಡಿಸಿದರು. ನಾಲಗೆಯನ್ನು ಹೊರಚಾಚಿಸಿ, ಒರೆಸಿ ಒಣಗಿಸಿ, ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದಕ್ಕೆ ಅಕ್ಕಿಕಾಳಿನಂಥ ತಂತಿಯ ಸುರುಳಿಯೊಂದನ್ನು ಅಂಟಿಸಿದರು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೆಳವಸಡಿಗೆ ಒಂದು, ತುಟಿಗಳಿಗೆ ಎರಡು, ಮೂಗಿನ ಸೇತುವೆಯ ಮೇಲೆ ಮತ್ತು ಕಿವಿಗಳ ಹಿಂದೆ ಒಂದೊಂದು. ಬಾಯಿಂದ ತಂತಿಗಳು ಇಳಿಬಿದ್ದಿದ್ದವು. ಸುತ್ತಲಿನ ಉಪಕರಣ ಬಲು ಕ್ಷೀಣವಾದ ಕಾಂತಕ್ಷೇತ್ರಗಳನ್ನು ಹೊಮ್ಮಿಸುತ್ತದೆ. ಪ್ರತಿಯೊಂದು ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತಿನ ಬಲದಿಂದ ಅದು ಎಲ್ಲಿದೆಯೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಬಾರಿ. ನಾನು "ಅತ್ತ", "ಅಟ್ಟ", "ಅಲ್ಲಿ", "ಹಳ್ಳಿ" ಎಂದು ಓದುತ್ತ ಹೋದೆ. ಬಾಯೊಳಗೆ ಹೂರಣದ ಉಂಡೆ ಇಟ್ಟುಕೊಂಡು ಮಾತಾಡಿದಂತಿತ್ತು. ಹತ್ತು ನಿಮಿಷ ಕಳೆದ ಮೇಲೆ ನಾಲಗೆ ಹೊಂದಿಕೊಂಡಿತು.

ನಡುವೆ ಅವಳು ಒಂದು ಪ್ಲಾಸ್ಟಿಕ್ ಫಲಕವನ್ನು ಕೊಟ್ಟು ಹಲ್ಲಿನಲ್ಲಿ ಕಚ್ಚಿಕೊಳ್ಳಿ ಎಂದಳು. ಆಮೇಲೆ ಸುರುಳಿಯೊಂದನ್ನು ಅಂಗುಳದ ನಡುವೆ ಮುಂದಿನಿಂದ ಹಿಂದಕ್ಕೆ ಎಳೆದು ಅದರ ಕಮಾನಿನ ಆಕಾರವನ್ನು ಬರೆದುಕೊಂಡಳು. ಮಾತನ್ನೇ ಆಡಿಸದ ಈ ಎರಡು ಕೆಲಸಗಳು ಯಾತಕ್ಕೆಂದು ನನಗೆ ಆಗ ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ನನ್ನ ನಾಲಗೆಯ ಗೆರೆಗಳು ಮೂಡಿದವು. ಪಕ್ಕದಲ್ಲಿ ಇನ್ನೊಬ್ಬರದು, ಹೆಸರಿರಲಿಲ್ಲ, ಬರಿಯ ಸಂಖ್ಯೆ. ನಾನು ಮೇಷ್ಟ್ರಲ್ಲವೆ? ಕಣ್ಣು ತಾನೇ ತಪ್ಪು ಹುಡುಕಲು ಹೊರಟಿತು. "ನೋಡಮ್ಮ, ಇವರ ಟಕಾರ ನನ್ನದಕ್ಕಿಂತ ಎಷ್ಟು ಕೆಳಗಿದೆ! ನಾಲಗೆ ಸರಿಯಾಗಿ ಏಳುತ್ತಿಲ್ಲ. ಮೂರ್ಧನ್ಯ ಅಂದರೆ ಹೀಗಲ್ಲ" ಎಂದೆ.

ಅವಳು ನಕ್ಕಳು. "ಸರ್, ಈ ಎರಡು ಚಿತ್ರಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡೋದೇ ತಪ್ಪು. ಅವರದ್ದು ಕೆಳಗೆ ಅಂತ ಹೇಗೆ ಹೇಳ್ತೀರಿ? ಯಾವುದಕ್ಕಿಂತ ಕೆಳಗೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಒಪ್ಪಿಸುತ್ತೇನೆ.

ಮೊದಲನೆಯದಾಗಿ, ಕುಳಿತವನು ತಲೆಯನ್ನು ಆಡಿಸಿದರೆ ನಾಲಗೆಯೂ ಆಡಿದಂತೆ ಕಾಣುತ್ತದೆ. ಕಿವಿಯ ಹಿಂದಿನ ಮತ್ತು ಮೂಗಿನ ಮೇಲಿನ ಸುರುಳಿಗಳು ಇರುವುದು ಈ ತಲೆಯಾಟವನ್ನು ಕಳೆಯುವುದಕ್ಕಾಗಿ. ಆಮೇಲೆ, ಒಬ್ಬರು ಗದ್ದ ಎತ್ತಿ ಕೂರುತ್ತಾರೆ, ಇನ್ನೊಬ್ಬರು ತಗ್ಗಿಸಿ ಕೂರುತ್ತಾರೆ. ಹಾಗಾದರೆ ಮೇಲೆ ಯಾವುದು, ಕೆಳಗೆ ಯಾವುದು? ಆ ಪ್ಲಾಸ್ಟಿಕ್ ಫಲಕವನ್ನು ಕಚ್ಚಿಸಿದ್ದು ಇದಕ್ಕೆ. ಹಲ್ಲುಗಳು ಕೂಡುವ ಸಮತಲವೇ ಆ ಬಾಯಿಯ ನೆಲ. ಅದರಿಂದ ಎತ್ತರ ತಗ್ಗು ಅಳೆಯಬೇಕು. ಇಷ್ಟಾದರೂ ಸುರುಳಿಯನ್ನು ಇಬ್ಬರ ನಾಲಗೆಯ ಮೇಲೂ ಒಂದೇ ಜಾಗದಲ್ಲಿ ಅಂಟಿಸಲಾಗದು. ನಾಲಗೆಗೆ ಮೈಲಿಗಲ್ಲುಗಳಿಲ್ಲ. ನನ್ನ ನಾಲಗೆಗೇ ನಾಳೆ ಎರಡು ಮಿಲಿಮೀಟರ್ ಹಿಂದಕ್ಕೆ ಅಂಟಿಸಿದರೆ ನಾಳೆಯ ನಾನೇ ಬೇರೆಯವನಂತೆ ಕಂಡೇನು.

ಇವೆಲ್ಲ ಹೊರಗಿನ ತೊಡಕುಗಳು. ನಿಜವಾದ ತೊಡಕು ಬಾಯೇ. ಬೆಳೆದ ಗಂಡಸಿನಲ್ಲಿ ಗಂಟಲಿನ ಧ್ವನಿಪೆಟ್ಟಿಗೆಯಿಂದ ತುಟಿಯವರೆಗೆ ಸುಮಾರು ೧೭ ಸೆಂಟಿಮೀಟರ್ ದಾರಿ. ಹೆಂಗಸಿನಲ್ಲಿ ಎರಡು ಮೂರು ಸೆಂಟಿಮೀಟರ್ ಕಡಿಮೆ. ಹುಟ್ಟಿದ ಕೂಸಿನಲ್ಲಿ ಅರ್ಧಕ್ಕಿಂತ ಕಡಿಮೆ. ಅಂಗುಳವೋ, ಕೆಲವರದು ದೇವಸ್ಥಾನದ ಗೋಪುರದಂತೆ ಮೇಲಕ್ಕೆ ಏರಿರುತ್ತದೆ. ಕೆಲವರದು ಹಳ್ಳಿಯ ಮಾಳಿಗೆಯಂತೆ ಚಪ್ಪಟೆ. ೨೦೦೯ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಪ್ಪಟೆ ಅಂಗುಳದವರ ನಾಲಗೆ ಒಂದೇ ಧ್ವನಿಯನ್ನು ಮತ್ತೆ ಮತ್ತೆ ಉಚ್ಚರಿಸುವಾಗ ಹೆಚ್ಚು ಕರಾರುವಾಕ್ಕಾಗಿ ಒಂದೇ ಕಡೆ ನಿಲ್ಲುತ್ತದೆಂದು ಕಂಡುಬಂದಿತು. ಅವರಿಗೆ ಅಲ್ಲಿ ಸ್ಥಳಸಂಕೋಚ. ತುಸು ಜರುಗಿದರೂ ಧ್ವನಿ ಕೆಡುತ್ತದೆ. ಗೋಪುರದ ಅಂಗುಳದವರು ಅಷ್ಟಿಷ್ಟು ಅಲೆದಾಡಿದರೂ ನಡೆದೀತು. ಆ ಅನಾಮಿಕರ ಅಂಗುಳದ ಗೆರೆಯನ್ನು ನನ್ನ ವಿದ್ಯಾರ್ಥಿನಿ ಪರದೆಯ ಮೇಲೆ ತಂದಳು. ನನ್ನದಕ್ಕಿಂತ ಬಹಳ ತಗ್ಗಾಗಿತ್ತು. ಅವರ ನಾಲಗೆ ಅವರ ಮಾಳಿಗೆಯನ್ನು ಸರಿಯಾಗಿಯೇ ಮುಟ್ಟುತ್ತಿತ್ತು. ನಾನು ನನ್ನ ಗೋಪುರದ ಕಲಶವನ್ನು ಅವರು ಮುಟ್ಟಲಿಲ್ಲವೆಂದು ಆಕ್ಷೇಪಿಸಿದ್ದೆ!

"ಹಾಗಾದರೆ ಹೋಲಿಸುವುದು ಹೇಗೆ?" ಎಂದೆ.

"ಮೌಲ್ಯಮಾಪನ ಕೇಂದ್ರದಲ್ಲಿ ನೀವೇ ಮಾಡ್ತೀರಲ್ಲ ಸರ್" ಎಂದಳು. ಅವಳು ಕೊಟ್ಟ ಉಪಮಾನ ನನಗೆ ಬಹಳ ಹಿಡಿಸಿತು. ಒಬ್ಬ ಮೌಲ್ಯಮಾಪಕರು ಧಾರಾಳಿ. ಅವರ ಕಟ್ಟಿನಲ್ಲಿ ಸರಾಸರಿ ಎಪ್ಪತ್ತು. ಇನ್ನೊಬ್ಬರು ಜಿಪುಣರು; ನಲವತ್ತೈದು. ಧಾರಾಳಿಯ ಅರವತ್ತೈದೂ ಜಿಪುಣರ ಅರವತ್ತೂ ಎದುರು ಬದುರಾದಾಗ ಯಾರು ಜಾಣರೆಂದು ಅಂಕಗಳು ಹೇಳಲಾರವು. ಅವರವರ ಕಟ್ಟಿನ ಸರಾಸರಿಯನ್ನು ಸೊನ್ನೆಯೆಂದು ಹಿಡಿದು, ಆ ಕಟ್ಟಿನಲ್ಲಿ ಅಂಕಗಳು ಎಷ್ಟು ಹರಡಿವೆಯೋ ಅದನ್ನೇ ಗೇಣು ಮಾಡಿಕೊಂಡು ಅಳೆದರೆ ಹೇಳಬಹುದು. ಸ್ವರಗಳ ವಿಷಯದಲ್ಲಿ ಈ ಲೆಕ್ಕವನ್ನು ೧೯೭೧ರಲ್ಲಿ ಲೊಬಾನೊವ್ ಎಂಬ ವಿಜ್ಞಾನಿ ರಷ್ಯನ್ ಭಾಷೆಗೆ ಹಾಕಿ ತೋರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ನಾಲಗೆಗೂ ಹಾಗೆಯೇ. ನನ್ನ ಟಕಾರವನ್ನು ಅವರ ಟಕಾರದೊಡನೆ ನೇರವಾಗಿ ಹೋಲಿಸುವುದಲ್ಲ. ನನ್ನ ತಕಾರದಿಂದ ನನ್ನ ಟಕಾರಕ್ಕೆ ಇರುವ ದೂರವನ್ನು ಅವರ ತಕಾರದಿಂದ ಅವರ ಟಕಾರಕ್ಕೆ ಇರುವ ದೂರದೊಡನೆ ಹೋಲಿಸುವುದು. ಇಲ್ಲವೆ ಅವರವರ ಅಂಗುಳದಿಂದ ಅವರವರ ನಾಲಗೆ ಎಷ್ಟು ದೂರದಲ್ಲಿದೆಯೆಂದು ನೋಡುವುದು.

ಮತ್ತೊಂದು ವಿಧಾನದ ಹೆಸರು ಕೇಳಿ ನಾನು ಬೆಚ್ಚಿದೆ: ಪ್ರೊಕ್ರಸ್ಟಿಸ್. ಗ್ರೀಕ್ ಪುರಾಣದ ಆ ದರೋಡೆಗಾರ ದಾರಿಹೋಕರನ್ನು ಕರೆದು ಮಂಚದ ಮೇಲೆ ಮಲಗಿಸುತ್ತಿದ್ದನಂತೆ. ಮಂಚಕ್ಕಿಂತ ಗಿಡ್ಡನಾದವನನ್ನು ಎಳೆದು ಉದ್ದ ಮಾಡುತ್ತಿದ್ದ, ಉದ್ದನಾದವನ ಕಾಲು ಕತ್ತರಿಸುತ್ತಿದ್ದ. ಒಂದು ಆಕೃತಿಯನ್ನು ಸರಿಸಿ, ತಿರುಗಿಸಿ, ಹಿಗ್ಗಿಸಿ ಕುಗ್ಗಿಸಿ ಇನ್ನೊಂದರ ಮೇಲೆ ಕೂರಿಸುವ ಗಣಿತಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಗಣಿತಜ್ಞರಲ್ಲಿಯೂ ಹಾಸ್ಯಪ್ರಜ್ಞೆಯುಂಟೆಂದು ತಿಳಿದು ಸಂತೋಷವಾಯಿತು. ಆದರೆ ನನ್ನ ವಿದ್ಯಾರ್ಥಿನಿ ನಗಲಿಲ್ಲ. "ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ ಸರ್. ಏನೂ ಸರಿಹೊಂದಿಸದೆ ಹೋದರೆ ಬಾಯಿಯ ಅಳತೆಯನ್ನೇ ಭಾಷೆಯ ವ್ಯತ್ಯಾಸ ಅಂದುಕೊಳ್ತೀವಿ. ಜಾಸ್ತಿ ಸರಿಹೊಂದಿಸಿದರೆ ನಿಜವಾದ ವ್ಯತ್ಯಾಸಾನೂ ಅಳಿಸಿ ಹಾಕ್ತೀವಿ" ಎಂದಳು. ನಿಜವಾದ ವ್ಯತ್ಯಾಸ ಇಲ್ಲವೆಂದಲ್ಲ. ಲ್ಯಾಡಿಫೋಗೆಡ್ ಮತ್ತು ನಮ್ಮ ದೇಶದ ಪೇರಿ ಭಾಸ್ಕರರಾವ್ ಅವರು ೧೯೮೩ರಲ್ಲಿ ಹಿಂದಿ, ತಮಿಳು, ತೆಲುಗು ಮಾತಾಡುವವರ ಮೂರ್ಧನ್ಯಗಳನ್ನು ಎಕ್ಸ್‌ರೇಯಲ್ಲಿ ನೋಡಿದಾಗ, ತಮಿಳರೂ ತೆಲುಗರೂ ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅದರ ಅಡಿಭಾಗವನ್ನು ಅಂಗುಳಕ್ಕೆ ತಾಗಿಸುವಷ್ಟು ಹಿಂದಿಯವರು ಮಡಚುವುದಿಲ್ಲವೆಂದು ತಿಳಿಯಿತು. ಅದು ಬಾಯಿಯ ಭೇದವಲ್ಲ, ಭಾಷೆಯ ಭೇದ. ಕನ್ನಡದ 'ಟ್ಟ', 'ತ್ತ'ಗಳ ವಿಷಯವಾಗಿ ಟೊರಾಂಟೊ ವಿಶ್ವವಿದ್ಯಾನಿಲಯದವರೂ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯವರೂ ಕೂಡಿ ನಡೆಸಿದ ಅಧ್ಯಯನ ೨೦೧೪ರಲ್ಲಿ ಪ್ರಕಟವಾಗಿದೆ. ಹಿಂದಕ್ಕೆ ಮಡಚಿದ ನಾಲಗೆ ಟಕಾರದಲ್ಲಿ ಅಲ್ಲೇ ನಿಂತಿರದೆ, ತಾಗಿದ್ದಾಗಲೇ ಮುಂದಕ್ಕೆ ಜಾರುತ್ತ ಬಿಡಿಸಿಕೊಳ್ಳುತ್ತದಂತೆ. ಇಷ್ಟು ವರ್ಷ ದಿನಕ್ಕೆ ಸಾವಿರ ಸಲ ಆ ಕೆಲಸ ಮಾಡಿಯೂ ನನಗೆ ಇದು ತಿಳಿದಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ನಾಚಿಸಿದ್ದು ಅಮೆರಿಕೆಯ ರಕಾರ. ಡೆಲಾಟ್ರ್ ಮತ್ತು ಫ್ರೀಮನ್ ಎಂಬಿಬ್ಬರು ೧೯೬೮ರಲ್ಲಿ ಅಮೆರಿಕನ್ನರು ತಮ್ಮ ರಕಾರವನ್ನು ನುಡಿಯುವ ಬಗೆಯನ್ನು ಎಕ್ಸ್‌ರೇ ಚಲನಚಿತ್ರದಲ್ಲಿ ಹಿಡಿದರು. ಕೆಲವರು ನಾಲಗೆಯ ತುದಿಯನ್ನು ಮೇಲಕ್ಕೆತ್ತುತ್ತಾರೆ. ಕೆಲವರು ತುದಿಯನ್ನು ಕೆಳಗೇ ಬಿಟ್ಟು ನಡುನಾಲಗೆಯನ್ನು ಮುದ್ದೆಯಂತೆ ಉಬ್ಬಿಸುತ್ತಾರೆ. ನಡುವೆ ಇನ್ನೂ ಎಷ್ಟೋ ಆಕಾರಗಳು. ಕೇಳುವ ಕಿವಿಗೆ ಎಲ್ಲವೂ ಒಂದೇ ರಕಾರ! ಪಕ್ಕದ ಮನೆಯವನ ನಾಲಗೆ ತನ್ನದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿದೆಯೆಂಬುದು ಜೀವಮಾನವೆಲ್ಲ ಯಾರಿಗೂ ತಿಳಿಯುವುದಿಲ್ಲ. ಅಂಥ ಊರಿನಲ್ಲಿ ಒಬ್ಬ ತಂದೆ ಕನ್ನಡಿಯಿಟ್ಟುಕೊಂಡು ಕುಳಿತು, "ಅಪ್ಪನ ನಾಲಗೆ ಎಲ್ಲಿದೆ ನೋಡು" ಎಂದರೆ?

ಅಲ್ಲಿಯವರೆಗೆ ನಾನು ಮಗಳ ಸಂಗತಿಯನ್ನು ಅವಳ ಮುಂದೆ ಎತ್ತಿರಲಿಲ್ಲ. ಈಗ ಎತ್ತಿದೆ. ಹೇಳುತ್ತ ಹೇಳುತ್ತ, ಮೂರು ವಾರದ ಕನ್ನಡಿಯ ಪಾಠವೂ ಹೊರಬಿತ್ತು. 'ಕುಡಿಯೋಕೆ ಕೊಡು' ಎಂಬುದೂ ಹೊರಬಿತ್ತು. ಹುಡುಗಿ ಮಾತನಾಡದೆ ಕೇಳಿದಳು. ಕೊನೆಗೆ, "ಗೌರಿಗೆ ಮುಂದಿನ ಹಲ್ಲು ಬಿದ್ದಿದೆಯಾ ಸರ್?" ಎಂದು ಕೇಳಿದಳು.

ಬಿದ್ದಿತ್ತು. ಮೇಲಿನವು ಎರಡೂ ಬಿದ್ದಿದ್ದವು. ಒಂದನ್ನು ನಾನೇ ಮನೆಯ ಹೆಂಚಿನ ಮೇಲೆ ಎಸೆದಿದ್ದೆ. 'ಹಲ್ಲಿನ ಹಿಂದೆ ಇಡು' ಎಂದು ನಾನು ಮೂರು ವಾರ ಗದರಿಸಿದ್ದು ಆ ಜಾಗದಲ್ಲಿ ಹಲ್ಲೇ ಇಲ್ಲದ ಮಗುವನ್ನು!

ಅವಳು ಇನ್ನಷ್ಟು ಹೇಳಿದಳು. ಮಗುವಿನ ಬಾಯಿ ದೊಡ್ಡವರ ಬಾಯಿಯ ಚಿಕ್ಕ ಪ್ರತಿಯಲ್ಲ. ಗಂಟಲ ಭಾಗ ಬಹಳ ಮೋಟು, ಇರುವ ಜಾಗಕ್ಕೆ ನಾಲಗೆ ದೊಡ್ಡದು. ಬೆಳೆಯುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಬೆಳೆಯುವುದೂ ಇಲ್ಲ. ನಮ್ಮ ಕಂಪಿಸುವ ರಕಾರವಂತೂ ಇಟ್ಟಲ್ಲಿ ಹುಟ್ಟುವಂಥದೇ ಅಲ್ಲ. ತುದಿಯನ್ನು ಹದವಾಗಿ ಸಡಿಲ ಬಿಟ್ಟರೆ ಹೊರಡುವ ಉಸಿರೇ ಅದನ್ನು ಬಾವುಟದಂತೆ ಬಡಿದಾಡಿಸುತ್ತದೆ. ಬಿಗಿಹಿಡಿದ ನಾಲಗೆ ಕಂಪಿಸಲಾರದು. ಗದರಿಸಿದರೆ ಮಗು ಮೊದಲು ಬಿಗಿಹಿಡಿಯುವುದು ಯಾವುದನ್ನು? ನಾನು ಏನು ಬೇಡವೋ ಅದನ್ನೇ ಪ್ರತಿ ರಾತ್ರಿ ಅಭ್ಯಾಸ ಮಾಡಿಸಿದ್ದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ನಾಲಗೆಯ ಮೇಲೆ ಅಂಟಿನ ಕಹಿ ಇನ್ನೂ ಇತ್ತು. ನನಗೆ ನಮ್ಮ ಪ್ರಾಚೀನರ ನೆನಪಾಯಿತು. ಅವರು ಎಲ್ಲಿಯೂ 'ತುಟಿಯಿಂದ ಇಷ್ಟು ಅಂಗುಲ ಹಿಂದೆ' ಎಂದು ಹೇಳಲಿಲ್ಲ. ಹಲ್ಲು ಎಂದರು, ತಾಲು ಎಂದರು. ಯಾರ ಹಲ್ಲು? ಉಚ್ಚರಿಸುವವನದು. ಪ್ರತಿಯೊಬ್ಬನಿಗೂ ಅವನ ಬಾಯಲ್ಲಿಯೇ ಗುರುತುಗಳನ್ನು ತೋರಿಸಿದರು. ಇದನ್ನು ಹತ್ತು ವರ್ಷ ಪಾಠ ಹೇಳಿಯೂ ನಾನು ಗಮನಿಸಿರಲಿಲ್ಲ. ಇನ್ನೊಂದು ಸಂಗತಿಯೂ ಹೊಳೆಯಿತು. ಪಾಣಿನೀಯ ಶಿಕ್ಷೆಯವರು ರಕಾರವನ್ನು ಮೂರ್ಧನ್ಯವೆಂದು ಎಣಿಸಿದರೆ, ಪ್ರಾತಿಶಾಖ್ಯಗಳು ಅದಕ್ಕೆ ಹಲ್ಲಿನ ಬುಡದ ಸ್ಥಾನ ಕೊಡುತ್ತವೆ. ಋಷಿಗಳಲ್ಲಿಯೇ ಒಮ್ಮತವಿಲ್ಲದ ಅಕ್ಷರ! ಇದು ನನಗೆ ತಿಳಿಯದ ವಿಷಯವೇನಲ್ಲ, ಎಂ.ಎ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಗಳಿಸಿದ್ದೆ. ಗಳಿಸಿದ ಅಂಕ ಮನೆಯವರೆಗೆ ಬಂದಿರಲಿಲ್ಲ, ಅಷ್ಟೆ.

ಇನ್ನೂ ಹಿಂದಿನದೊಂದು ನೆನಪು. ನಾನು ಮಂಡ್ಯದ ಕಡೆಯ ಹಳ್ಳಿಯವನು. ಹತ್ತನೆಯ ವಯಸ್ಸಿನವರೆಗೆ ಹಾಲನ್ನು 'ಆಲು' ಎಂದೇ ಕುಡಿದವನು. ಮೇಷ್ಟ್ರೊಬ್ಬರು ತರಗತಿಯ ಮುಂದೆ ನಿಲ್ಲಿಸಿ ಹತ್ತು ಸಲ ಹೇಳಿಸಿದ್ದರು. ಹತ್ತನೆಯ ಸಲವೂ ಆಲೇ ಬಂದಿತ್ತು. ಹಕಾರ ಹುಟ್ಟುವುದು ಗಂಟಲಿನಲ್ಲಾದ್ದರಿಂದ ಅವರು ಬಾಯಿ ತೆರೆದು ತೋರಿಸುವಂತಿರಲಿಲ್ಲ. ಅದೊಂದೇ ಪುಣ್ಯ. ಯಾವಾಗ ಹೇಗೆ ಬಂತೋ ಅರಿಯೆ, ಹಕಾರ ತಾನಾಗಿ ಬಂತು. ಆದರೆ ಬಹಳ ದಿನ ನಾನು ಹಾಲು ಕುಡಿಯುವುದನ್ನೇ ಬಿಟ್ಟಿದ್ದೆ. ನನ್ನ ತಾಯಿ ಹೊಟ್ಟೆಗೆ ಆಗುತ್ತಿಲ್ಲವೆಂದು ತಿಳಿದಿದ್ದಳು.

ಆ ರಾತ್ರಿ ಕನ್ನಡಿಯನ್ನು ಬಚ್ಚಲುಮನೆಯ ಮೊಳೆಗೆ ಮತ್ತೆ ತೂಗುಹಾಕಿದೆ. ಮಗಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಕೇಳಲಿಲ್ಲ. ಮುಂದಿನ ವಾರ ವಿದ್ಯಾರ್ಥಿನಿಯ ಸಲಹೆಯಂತೆ ಅವಳ ಕಿವಿಯ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಏಳು ತುಂಬಿದ ಮೇಲೂ ಬಾರದಿದ್ದರೆ ತಾನೇ ನೋಡುವುದಾಗಿ ಅವಳು ಹೇಳಿದ್ದಾಳೆ. ಅಲ್ಲಿಯವರೆಗೆ ತಿದ್ದಬಾರದು, ಹೇಳಿಸಬಾರದು. ಅವಳು ಲವೆ ಉಂಡೆ ಎಂದರೆ ನಾವು "ರವೆ ಉಂಡೆ ಬೇಕಾ, ತಗೋ" ಎಂದು ಕೊಟ್ಟುಬಿಡಬೇಕು. ಕಿವಿ ಕೇಳಿಸಿಕೊಳ್ಳುತ್ತದೆ, ನಾಲಗೆ ತನ್ನ ಬಾಯಲ್ಲಿ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಕಿವಿಯ ಶಕ್ತಿ ಅಂಥದು. ೧೯೫೨ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಪೀಟರ್ಸನ್ ಮತ್ತು ಬಾರ್ನಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ೭೬ ಮಂದಿಯ ಸ್ವರಗಳನ್ನು ಅಳೆದಾಗ, ಒಬ್ಬರ ಒಂದು ಸ್ವರದ ಅಂಕಿಗಳು ಇನ್ನೊಬ್ಬರ ಬೇರೆಯದೇ ಸ್ವರದ ಅಂಕಿಗಳ ಮೇಲೆ ಹೋಗಿ ಕುಳಿತವು. ಆದರೆ ಕೇಳಿದವರು ಬಹುಪಾಲು ಸರಿಯಾಗಿಯೇ ಗುರುತಿಸಿದ್ದರು. ಕಂಪ್ಯೂಟರು ಪ್ರೊಕ್ರಸ್ಟಿಸನನ್ನು ಕರೆದು ಮಾಡಿಸಬೇಕಾದ ಕೆಲಸವನ್ನು ತೊಟ್ಟಿಲ ಕೂಸು ತಾಯಿಯ ಮಾತನ್ನೂ ತಂದೆಯ ಮಾತನ್ನೂ ಕೇಳುತ್ತ ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳುತ್ತದೆ.

ಶಾಲೆಯ ಹಲ್ಲಿಯ ವಿಚಾರವನ್ನು ಮಡದಿ ತಾನೇ ಹೋಗಿ ಟೀಚರ ಹತ್ತಿರ ಮಾತಾಡಿ ಬಂದಳು. ಲೊಚಗುಟ್ಟುವುದು ನಿಂತಿದೆಯಂತೆ, ಪೂರ್ತಿ ನಿಂತಿದೆಯೆಂದು ನಾನು ನಂಬುವುದಿಲ್ಲ. ನನ್ನೊಡನೆ ಮಾತ್ರ ಮಗಳು ಬಹಳ ದಿನ ಎಚ್ಚರಿಕೆಯಿಂದಲೇ ಮಾತಾಡಿದಳು. ಕುಡಿಯೋಕೆ ಕೊಡು, ಆ ಹುಡುಗ, ಅದು ಬೇಕು, ಇದು ಬೇಡ. ನಾನು ತಿದ್ದಲೂ ಇಲ್ಲ, ಕೇಳಲೂ ಇಲ್ಲ.

ಮೊನ್ನೆ ಸಂಜೆ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ಅವಳು ಬೀದಿಯಲ್ಲಿ ಆಡಿ ಬೆವರಿ ಓಡಿಬಂದು, ಮೇಜಿಗೆ ಆತುಕೊಂಡು ನಿಂತು, ಏದುಸಿರಿನಲ್ಲಿ, "ಅಪ್ಪಾ, ನೀಲು" ಎಂದಳು.

ಕೆಂಪು ಪೆನ್ನನ್ನು ಕೆಳಗಿಟ್ಟು, "ನೀರು ತಂದೆ, ಇರು" ಎಂದು ನಾನು ಒಳಗೆ ಹೋದೆ.